ತಲೆಕೆಳಗಾಗಿ ಕಂಡ ಮುಖ

ಧಾರವಾಡದ ತ್ಯಾಗರಾಜ ಮರಾಠಿ ಸೀಮೆಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಆಳು ಕಡ್ಡಿಯಂತಿದ್ದುದರಿಂದ ಪ್ರಥಮ ಚಿಕಿತ್ಸೆಯ ತಾಲೀಮಿನಲ್ಲಿ ಗಾಯಾಳುವಾಗಿ ಮಲಗುವ ಪಾಳಿ ವರ್ಷವರ್ಷವೂ ಅವನದೇ. ಹನ್ನೆರಡು ವರ್ಷ ಮಲಗಿ ಮಲಗಿ ಅವನು ಒಂದು ಸಂಗತಿ ಕಲಿತಿದ್ದ. ತಲೆ ಹಿಡಿದವನ ಮುಖ ಕಾಣದಿದ್ದರೆ, ಯಾರೆಂದು ನೋಡಲು ಕುತ್ತಿಗೆ ತಾನಾಗಿ ಹೊರಳುತ್ತದೆ.

ಒಂದು ಭಾನುವಾರ ಹೆಂಡತಿ ಸುಭದ್ರಾಳೊಂದಿಗೆ ಸಿನ್ನರ್‌ಗೆ ಹೋಗುವಾಗ, ಮುಂದಿದ್ದ ಸೈಕಲ್ ಸವಾರ ಗುಂಡಿಗೆ ಸಿಕ್ಕಿ ಎಗರಿಬಿದ್ದ. ಸೇರಿದ ಜನ ಅವನ ಕೈಕಾಲು ಹಿಡಿದು ರಿಕ್ಷಾಕ್ಕೆ ಏರಿಸಲು ಬಗ್ಗಿದರು.

“ಉಚಲೂ ನಕಾ! ಯಾರೂ ಎತ್ತಬ್ಯಾಡ್ರಿ!” ಸಿಟ್ಟಿನಲ್ಲಿ ತ್ಯಾಗರಾಜನಿಗೆ ಮರಾಠಿ, ಕನ್ನಡ ಎರಡೂ ಒಟ್ಟಿಗೇ ಬಂದವು.

ಬಿದ್ದವನ ತಲೆಯ ಹಿಂದೆ ಮಂಡಿಯೂರಿ, ಕುತ್ತಿಗೆಯ ಮೂಳೆ ಮುರಿದಿದ್ದೀತೆಂದು ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದ. ಮುಖದ ಮೇಲೆ ಮುಖ ಬಾಗಿಸಿ ಮರಾಠಿಯಲ್ಲಿ ಮಾತಿಗೆಳೆದ. ಹೆಸರು ಗೋವಿಂದ ಎಂದು ತಿಳಿಯಿತು.

“ಒಂದು ಗುಟುಕು ನೀರರೆ ಕುಡಿಸೂಣೇನ್ರಿ?” ಎಂದಳು ಸುಭದ್ರಾ.

“ಬ್ಯಾಡ. ಮದಲ ನನ್ನ ಮೂಗು ತುರಸು.”

ಆಂಬುಲೆನ್ಸ್ ಬರಲು ಹಿಡಿದ ಅರ್ಧ ಗಂಟೆಯೂ ಅವನು ಕೈ ತೆಗೆಯಲಿಲ್ಲ.

ನಾಲ್ಕು ತಿಂಗಳ ಮೇಲೆ ಗೋವಿಂದ, ಸುಭದ್ರಾ ಬರೆದುಕೊಟ್ಟಿದ್ದ ವಿಳಾಸ ಹುಡುಕಿಕೊಂಡು, ಪೇಢೆಯ ಡಬ್ಬಿ ಹಿಡಿದು ತನ್ನ ಕಾಲ ಮೇಲೇ ನಡೆದು ಮನೆಗೆ ಬಂದ. ಬಾಗಿಲು ತೆರೆದ ತ್ಯಾಗರಾಜನನ್ನೇ, “ತ್ಯಾಗರಾಜ ಸಾಹೇಬರು ಇದ್ದಾರೆಯೇ?” ಎಂದು ಮರಾಠಿಯಲ್ಲಿ ಕೇಳಿದ. ನಾನೇ ಎಂದರೂ ಗೋವಿಂದನ ಅನುಮಾನ ಹೋಗಲಿಲ್ಲ.

ತ್ಯಾಗರಾಜ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಮೇಲಿನಿಂದ ಬಾಗಿದ. ಗೋವಿಂದ ತಲೆಯನ್ನು ಹಿಂದಕ್ಕೆ ವಾಲಿಸಿ ನೋಡಿದ.

“ಅರೇ, ನೀವೇ!” ಎಂದು ನಕ್ಕ.

ತ್ಯಾಗರಾಜ ಆ ನಗುವನ್ನು ನೋಡಲೇ ಇಲ್ಲ. ಸಲೀಸಾಗಿ ಬಾಗಿದ ಆ ಕುತ್ತಿಗೆಯನ್ನೇ ನೋಡುತ್ತಿದ್ದ.