ಭಂಡಾರ ಉದುರಿಸುವ ಕಂಬ

ಎಂಬತ್ತೆಂಟರ ಚಳಿಗಾಲ. ಅಕ್ಕನ ಕೂಸಿಗೆ ಮಾಡಿಸಿದ ತೊಟ್ಟಿಲನ್ನು ಬಸ್ಸಿನ ಮೇಲೆ ಬಿಗಿದು ಬೆಳಿಗ್ಗೆ ಸಿಂಧನೂರು ಬಿಟ್ಟೆ. ತವರಿನ ತೊಟ್ಟಿಲನ್ನು ಸೋದರಮಾವನೇ ಒಯ್ದು ಕಟ್ಟಬೇಕು, ಅದು ನಮ್ಮ ರೂಢಿ. "ಕೂಸಿಲ್ದ ತೊಟ್ಲ ಹೊಂಟೈತಿ. ಅರ್ಧಾ ಟಿಕೀಟು ಹರೀಲೇನ್ರೀ?" ಎಂದು ಕಂಡಕ್ಟರ್ ನಕ್ಕ. ಮಸ್ಕಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಲಿಂಗಸುಗೂರು ಬಸ್ಸು ಹತ್ತಿದೆ. ಕಾಲುವೆಯ ಗದ್ದೆಗಳು ಹಿಂದಾಗಿ ಜೋಳದ ಹೊಲಗಳು ಬಂದವು. ಸಂತೆಕಲ್ಲೂರಿನಲ್ಲಿ ಇಳಿದು ತೊಟ್ಟಿಲು ಹೊತ್ತು ನಡೆದೆ.

ಅಕ್ಕನ ಗಂಡನ ಮನೆ ಹಳೆಯ ಕಂಬದ ಮನೆ. ಸಾಗವಾನಿ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೊಳ ದಪ್ಪದ ಮಣ್ಣು. ಗುಡಿಸಲಲ್ಲಿ ಓದಿ ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ತಂದ ನನಗೆ ಆ ಮನೆಯೆಂದರೆ ಬೆರಗು. ಆದರೆ ಭಾವನ ಅಜ್ಜಂದಿರು ಪಾಲಾದಾಗ ನಡುಮನೆಯನ್ನು ಗೋಡೆ ಹಾಕಿ ಸೀಳಿದ್ದರು. ಬೆಳಕಿಂಡಿ ಆಚೆಯವರಿಗೆ ಹೋಯಿತು. ಕಂಬಗಳೂ ಪಾಲಾದವು! ನಡುವಿನ ಸಾಗವಾನಿ ಕಂಬ ತನ್ನದೆಂದು ಆ ಅಜ್ಜಂದಿರಲ್ಲಿ ಕಿರಿಯವನು ಅದನ್ನು ಕಿತ್ತೊಯ್ದು, ಬದಲಿಗೆ ಜಾಲಿ ಕಂಬ ನಿಲ್ಲಿಸಿ ಸುಣ್ಣ ಬಳಿದಿದ್ದ.

ಮಧ್ಯಾಹ್ನವೇ ಒಳಗೆ ಕತ್ತಲು. ಅಕ್ಕ ಕೂಸನ್ನು ಎತ್ತಿಕೊಂಡು ಆ ಕಂಬದ ಪಕ್ಕ ನಿಂತಿದ್ದಳು. "ಲಗೂನ ಕಟ್ಟಪಾ, ಸಂಜೀಕ ಹೆಣ್ಮಕ್ಳು ಬರ್ತಾರ," ಎಂದು ತೊಲೆ ತೋರಿಸಿದಳು. ಕೂಸಿನ ಹಣೆಯ ಮೇಲೆ ಗುಡಿಯ ಅರಿಶಿನದಂಥ ಹಳದಿ ಪುಡಿ.

"ಹಿರ್ಯಾರ ಭಂಡಾರ, ತಮ್ಮಾ," ಎಂದರು ಅಕ್ಕನ ಅತ್ತೆ. "ನಮ್ಮ ಮಾವ ಸತ್ತ ವರ್ಷದಿಂದ ಈ ಕಂಬದ ಬುಡಕ್ಕ ಉದುರತೈತಿ. ದಿನಾ ಹಚ್ಚಿಕೊಂತೀವಿ."

ಕಂಬಕ್ಕೆ ಕಿವಿಗೊಟ್ಟೆ. ಒಳಗೆ ಸಣ್ಣಗೆ, ಎಡೆಬಿಡದೆ, ಹಲ್ಲು ಕಡಿಯುವ ಸದ್ದು. ಕೂಸು ರೆಪ್ಪೆ ಬಡಿಯದೆ ಅತ್ತಲೇ ನೋಡುತ್ತಿತ್ತು.

"ಕೇಳ್ತಲ್ಲ? ಮಾತಾಡಾಕತ್ತಾರ," ಅತ್ತೆ ಪಿಸುಗುಟ್ಟಿದರು.

ಹೆಬ್ಬೆರಳಿನಿಂದ ಒತ್ತಿದೆ. ಸುಣ್ಣದ ಪದರು ಒಡೆದು ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಒಳಗೆ ಬೆಚ್ಚಗಿತ್ತು. ಹಿಟ್ಟು ಸುರಿಯಿತು. ವರ್ಷವರ್ಷವೂ ದೀಪಾವಳಿಗೆ ಬಳಿದ ಸುಣ್ಣವೇ ಕಂಬದ ಆಕಾರದಲ್ಲಿ ನಿಂತಿತ್ತು.

"ಡಿಗ್ರಿ ಮಾಡೀನಂತ ಹಿರ್ಯಾರ ಹೊಟ್ಟ್ಯಾಗ ಕೈ ಹಾಕ್ತಿಯೇನಲೇ!" ಅತ್ತೆ ಕೂಗಿದರು.

"ಅತ್ತೀ, ಇದು ಹುಳ ಕೊರೆದ ಹಿಟ್ಟು. ತೊಲಿಗೆ ಆಸರಿಲ್ಲ. ತೊಟ್ಲ ತೂಗಿದ್ರ ಮಾಳಗಿ ಕೂಸಿನ ಮ್ಯಾಲ ಬರತೈತಿ. ಅಕ್ಕಾ, ಹೊರಗ ನಡಿ!"

ಅಕ್ಕ ಅತ್ತೆಯ ಮುಖ ನೋಡಿದಳು. ಜಂತಿಯಿಂದ ಒಂದು ಹಿಡಿ ಮಣ್ಣು ಉದುರಿತು. ಸೆರಗಿನಿಂದ ಕೂಸಿನ ಹಣೆ ಒರೆಸಿ ಹೊರಗೆ ನಡೆದಳು.

ಭಾವ ನೆರೆಯವರನ್ನು ಕರೆತಂದು ತೊಲೆಗೆ ಎರಡು ಆಸರೆಗಂಬ ಕೊಟ್ಟ. ಜಾಲಿ ಕಂಬವನ್ನು ಯಾರೂ ಕೀಳಲಿಲ್ಲ. ಮುಟ್ಟಿದೊಡನೆ ಕುಸಿದು ಬಿತ್ತು. ತೊಟ್ಟಿಲನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿದೆ. ಹೆಣ್ಣುಮಕ್ಕಳು ಅಲ್ಲೇ ಹಾಡಿದರು. ಕೂಸು ನಿದ್ದೆ ಹೋಯಿತು.

ಕೊನೆಯ ಬಸ್ಸಿಗೆ ಹೊರಟವನು ಹೇಳಿಹೋಗಲೆಂದು ಒಳಗೆ ಇಣುಕಿದೆ. ಕಂಬವಿದ್ದ ಜಾಗದಲ್ಲಿ ಅತ್ತೆ ಕಾಲು ಚಾಚಿ, ಕಂಬಕ್ಕೆ ಒರಗಿದಂತೆ ಬೆನ್ನನ್ನು ಪೂರಾ ಹಿಂದಕ್ಕೆ ಕೊಟ್ಟು ಕೂತಿದ್ದರು. ಅವರ ಬೆನ್ನ ಹಿಂದೆ ಏನೂ ಇರಲಿಲ್ಲ.

"ಹೋಗಿ ಬಾ, ತಮ್ಮಾ," ಎಂದರು. ಅಲುಗಾಡಲಿಲ್ಲ.