ಅಂಬುಬಾಯಿಯ ಅಂಗಾಲು

ಮಹಾರಾಷ್ಟ್ರದ ನಾಕಾದಿಂದ ಕಲ್ಯಾಣದ ಕೆರೆ ಬಳಸಿ ಹುಮನಾಬಾದಿಗೆ ಬರುವ ರಸ್ತೆಯ ಮೇಲೆ ಅಂಬುಬಾಯಿ ಇಪ್ಪತ್ತೆಂಟು ವರ್ಷ ದುಡಿದಳು. ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ ಕೆಲಸ ಬಿಡುವವರೆಗೆ ಒಂದು ದಿನವೂ ಚಪ್ಪಲಿ ಮೆಟ್ಟಲಿಲ್ಲ. ಬಡತನ ಅದಕ್ಕೆ ಅರ್ಧ ಕಾರಣ ಮಾತ್ರ.

ಕೊಡಂಬಲದ ಕೂಲಿ ಮನೆತನ. ಐವತ್ತಾರರ ರಾಜ್ಯ ವಿಂಗಡಣೆಯಲ್ಲಿ ನಮ್ಮ ನಡುವೆ ಗಡಿ ಬಂತು, ಗಡಿಗೊಂದು ತಪಾಸಣೆಯ ನಾಕಾ ಬಂತು. ಅದೇ ವರ್ಷ ಗಂಡ ಮಾರುತಿ ತೀರಿಕೊಂಡ. ಅಂಬುಬಾಯಿ ರಸ್ತೆ ಗ್ಯಾಂಗಿಗೆ ನೀರು ಹೊರಲು ಸೇರಿದಳು. ಡಾಂಬರು ಇನ್ನೂ ಈ ಕಡೆ ಮುಖ ಹಾಕಿರಲಿಲ್ಲ. ಒಡೆದ ಕಲ್ಲು ಹರವಿ, ಗರಸು ಮಣ್ಣು ಸುರಿದು, ನೀರು ಹೊಡೆದು, ರೋಲರ್ ಆಡಿಸಿದರೆ ಅದೇ ರಸ್ತೆ. ಕಲ್ಲಿಗೆ ಕಲ್ಲು ಕಚ್ಚುವುದು ನೀರಿನಿಂದ. ಅಂಬು ಎಂದರೂ ನೀರೇ. ಹೆಸರಿಟ್ಟವರಿಗೆ ಸಂಸ್ಕೃತ ಬರುತ್ತಿರಲಿಲ್ಲ, ಭವಿಷ್ಯ ಬರುತ್ತಿತ್ತು.

ದಿನಕ್ಕೆ ನೂರು ಸಲ ಹಸಿ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಾಡಿ ಅವಳಿಗೊಂದು ವಿದ್ಯೆ ಒಲಿದಿತ್ತು. ನೆಲ ಕೂತಿದೆಯೋ ಇಲ್ಲವೋ ಎಂಬುದು ಅಂಗಾಲಿಗೆ ತಿಳಿಯುತ್ತಿತ್ತು. ಇಲ್ಲಿ ಇನ್ನೆರಡು ಕೊಡ ಬೇಕು, ಅಲ್ಲಿ ಸಾಕು ಎಂದರೆ ರೋಲರ್ ನಡೆಸುವ ಬದ್ರುದ್ದೀನ್ ಮರುಮಾತಾಡದೆ ಗಾಡಿ ತಿರುಗಿಸುತ್ತಿದ್ದ. ಯೇಸು ನೀರಿನ ಮೇಲೆ ನಡೆದ ಕತೆಯನ್ನು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದಾಗ ನಮ್ಮ ಕ್ಲಾಸೆಲ್ಲ ಬಾಯಿ ತೆರೆದಿತ್ತು. ಕಲ್ಲಿನ ಮೇಲೆ ನಡೆದು ಕೆಳಗಿನ ನೀರನ್ನು ಹೇಳುವವಳು ನಮ್ಮ ರಸ್ತೆಯಲ್ಲೇ ಇದ್ದಾಳೆಂದು ಆ ಸಿಸ್ಟರ್‌ಗೆ ಯಾರೂ ಹೇಳಲಿಲ್ಲ.

ಅರವತ್ತೆರಡರ ಚಳಿಗಾಲ; ಕೆರೆ ತುಂಬಿತ್ತು. ಕೆರೆಯ ಪಕ್ಕದ ಒಂದು ಫರ್ಲಾಂಗು ಮುಗಿದರೆ ನಾಕಾದಿಂದ ಹುಮನಾಬಾದಿಗೆ ನೇರ ಬಸ್ಸು. ಸೋಮವಾರ ಬಸ್ಸು ಬಿಡುತ್ತಾರೆಂಬ ಸುದ್ದಿ ಕೇಳಿ ಕೆರೆಯಂಚಿನ ಓಣಿಗಳವರು ಹುಮನಾಬಾದಿನ ಪಕ್ಕದ ಮಾಣಿಕನಗರದ ಜಾತ್ರೆಗೆ ಹೋಗಲು ಬುತ್ತಿಯ ಲೆಕ್ಕ ಹಾಕುತ್ತಿದ್ದರು. ಶನಿವಾರ ಅಂಬುಬಾಯಿ ಆ ಫರ್ಲಾಂಗಿನ ಮೇಲೆ ನಡೆದು, ನಡುವೆ ನಿಂತು, ಇದು ಕೂತಿಲ್ಲ ಎಂದಳು. ಮೇಲೆ ಗಟ್ಟಿ, ಕೆಳಗೆ ಎರೆಮಣ್ಣು ಕೆರೆಯ ನೀರು ಕುಡಿದು ಉಬ್ಬಿದೆ. ತುಂಬಿದ ಬಸ್ಸು ಬಂದರೆ ಅಂಚು ಜಾರಿ, ಜನರ ಸಮೇತ ಕೆರೆಗೆ ಇಳಿಯುತ್ತದೆ.

ಗ್ಯಾಂಗಿನ ಮುಕಾದಮ ಕಾಶಿರಾಮ ತಲೆಯ ಮೇಲೆ ಕೈ ಹೊತ್ತ. ಸುದ್ದಿ ಓವರ್ಸಿಯರ್ ಸಾಹೇಬರಿಗೆ ಮುಟ್ಟಿತು. ಮೈಸೂರು ಕಡೆಯವರು. ಕಾಲಲ್ಲಿ ಬೂಟು ಇತ್ತು, ಬೂಟಾಟಿಕೆ ಇರಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದರು. ರಸ್ತೆಯ ಮೇಲೆ ಒಂದು ಕಲ್ಲಿಟ್ಟು ರೋಲರ್ ಹಾಯಿಸುವುದು. ಕಲ್ಲು ಪುಡಿಯಾದರೆ ರಸ್ತೆ ಪಾಸು, ನೆಲದಲ್ಲಿ ಹೂತರೆ ನಪಾಸು.

ಬದ್ರುದ್ದೀನ್ ಹಾಯಿಸಿದ. ಕಲ್ಲು ಹಿಟ್ಟಾಯಿತು. ಗ್ಯಾಂಗು ನಕ್ಕಿತು. ಅಂಬುಬಾಯಿಯ ಕಾಲಿಗೆ ಚಾಳೀಸು ಬಂದಿದೆ, ಕನ್ನಡಕ ಹಾಕಿಸಬೇಕು ಎಂದು ಒಬ್ಬ ಅಂದ. ಕಾಶಿರಾಮ ನಗಲಿಲ್ಲ.

“ನಿನ್ನ ಕಾಲು ನೋಡಿ ಸರ್ಕಾರ ಬಸ್ ನಿಲ್ಲಸ್ತದೇನಬೇ? ನಾಳಿಂದ ಕೆಲಸಕ್ಕ ಬರಬ್ಯಾಡ.”

ಮನೆಯಲ್ಲಿ ಮುದುಕಿ ಅತ್ತೆ, ಎರಡು ಹೆಣ್ಣುಮಕ್ಕಳು. ಒಲೆ ಉರಿಯುತ್ತಿದ್ದದ್ದು ಈ ಕೂಲಿಯಿಂದಲೇ. ಆದರೂ ಅಂಬುಬಾಯಿ ರಸ್ತೆಗುಂಟ ಇಪ್ಪತ್ತು ಹೆಜ್ಜೆ ನಡೆದು, ಕೆರೆಯಂಚಿನಲ್ಲಿ ಹೆಬ್ಬೆರಳಿನಿಂದ ಒಂದು ಗುಂಡು ಗೆರೆ ಎಳೆದಳು.

“ಕಲ್ಲು ಇಲ್ಲಿ ಇಡ್ರಿ ಸಾಹೇಬ್ರ. ಇಲ್ಲೀನೂ ಪುಡಿ ಆದ್ರ ನಾಳಿ ತನಕ ಯಾಕ, ಈಗೇ ಹೋಗ್ತೀನಿ.”

ಬದ್ರುದ್ದೀನ್ ನಿಧಾನಕ್ಕೆ ಹಾಯಿಸಿದ. ಬಿಸಿ ಬೆಲ್ಲದ ಪಾಕದಲ್ಲಿ ಶೇಂಗಾ ಇಳಿದ ಹಾಗೆ ಕಲ್ಲು ಸದ್ದಿಲ್ಲದೆ ಒಳಗಿಳಿಯಿತು. ಅದರ ಸುತ್ತ ಕಪ್ಪು ನೀರು ಜಿನುಗಿತು. ರೋಲರ್ ಒಂದು ಬದಿಗೆ ವಾಲಿದ್ದು ಕಂಡು ಬದ್ರುದ್ದೀನ್ ಅಲ್ಲಾಹನ ಹೆಸರು ಹೇಳುತ್ತ ಹಿಂದೆ ತೆಗೆದ.

ಸಾಹೇಬರು ಹೂತ ಕಲ್ಲಿನ ಹತ್ತಿರ ಬಂದರು. ಆಮೇಲೆ ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಅಲ್ಲಿ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿದರು.

“ನಂಗೇನೂ ಗೊತ್ತಾಗ್ತಿಲ್ವಲ್ಲಮ್ಮ.”

“ಇಷ್ಟ್ ವರ್ಷ ಬೂಟಿನಾಗ ಇಟ್ಟು ಅದರ ಬಾಯಿ ಮುಚ್ಚಿಸೀರಿ. ಒಂದ್ ದಿನಕ್ಕ ಮಾತಾಡ್ತದೇನ್ರಿ?”

ಸಾಹೇಬರು ಬಸ್ಸು ನಿಲ್ಲಿಸಿದರು. ಮೇಲಿನವರ ಬೈಗುಳ ತಾವೇ ತಿಂದರು. ಕಾಶಿರಾಮ ಕೆಲಸ ಬಿಡಿಸಿದ ಮಾತನ್ನು ಮತ್ತೆ ಎತ್ತಲಿಲ್ಲ. ಹನ್ನೊಂದು ದಿನ ಎರೆಮಣ್ಣು ಅಗೆದು ತೆಗೆದು, ಕಲ್ಲು ತುಂಬಿ, ಗರಸು ಹಾಕಿದರು. ಅಂಬುಬಾಯಿ ಸಾಕು ಎನ್ನುವವರೆಗೆ ರೋಲರ್ ನಿಲ್ಲಲಿಲ್ಲ.

ಹನ್ನೆರಡನೆಯ ದಿನ ಬಸ್ಸು ಬಂತು. ಕೆರೆಯ ದಂಡೆಗೆ ಬಂದ ಡ್ರೈವರ್ ಗಾಡಿ ನಿಲ್ಲಿಸಿಬಿಟ್ಟ. ಕಲ್ಲು ಹೂತ ಸುದ್ದಿ ನಾಕಾವರೆಗೆ ಹೋಗಿತ್ತು. ಸಾಹೇಬರು ಹೇಳಿದರೂ ಅವನು ಮುಂದೆ ಬರಲೊಲ್ಲ. ಆಗ ಅಂಬುಬಾಯಿ ಕೊಡ ಕೆಳಗಿಟ್ಟು, ಸೆರಗು ಬಿಗಿದು, ರಸ್ತೆಯ ಕೆರೆಯಂಚಿನಲ್ಲೇ ನಡೆಯತೊಡಗಿದಳು. ಬಸ್ಸು ಅವಳ ಹಿಂದೆ ಅವಳದೇ ನಡಿಗೆಯಲ್ಲಿ ಬಂತು. ಒಳಗೆ ನಲವತ್ತು ಜನ. ಕಿಟಕಿಯ ಪಕ್ಕ ಕೂತಿದ್ದ ನಮ್ಮ ತಾಯಿ ಶಕುಂತಲಾಬಾಯಿ ಇಂದಿಗೂ ಹೇಳುತ್ತಾರೆ: ಒಂದು ಕೂಸೂ ಅಳಲಿಲ್ಲ, ಡ್ರೈವರ್ ಹಾರ್ನ್ ಮುಟ್ಟಲಿಲ್ಲ, ಆ ಒಡೆದ ಹಿಮ್ಮಡಿಗಳನ್ನೇ ಎಲ್ಲರೂ ನೋಡುತ್ತಿದ್ದರು.

ಫರ್ಲಾಂಗು ಮುಗಿದಲ್ಲಿ ಅವಳು ಬದಿಗೆ ಸರಿದಳು. ಬಸ್ಸು ದಾಟಿ ಹುಮನಾಬಾದಿನ ದಾರಿ ಹಿಡಿಯಿತು. ಅಂಬುಬಾಯಿ ಅದರ ಕಡೆ ನೋಡಲೂ ಇಲ್ಲ. ಬಂದ ದಾರಿಯಲ್ಲೇ ಹಿಂದಿರುಗುತ್ತ, ಗಾಲಿ ಒತ್ತಿದ ಗುರುತಿಗಾಗಿ ಅಂಗಾಲು ಆಡಿಸಿ ಹುಡುಕಿದಳು. ಎಲ್ಲಿಯೂ ಸಿಗಲಿಲ್ಲ.