ದ್ರಾಕ್ಷಿ ಕುಡಿದ ಬಿಯರ್

ಮೂರು ವರ್ಷ ನಾನು ಮಾಡಿದ ಕೆಲಸ ಇಷ್ಟೇ: ಬಿಯರ್ ಹುದುಗಿಸುವ ಯೀಸ್ಟಿನ ಜೀನ್ ತಿದ್ದಿ, ಅದು ಮದ್ಯದ ಜೊತೆಗೆ ವಿಟಮಿನ್ನನ್ನೂ ತಯಾರಿಸುವಂತೆ ಮಾಡಿದ್ದು. ಮೀಟಿಂಗುಗಳಲ್ಲಿ ಎಲ್ಲದರ ಬಗ್ಗೆಯೂ ಗಂಟಲು ಹರಿದುಕೊಂಡೆವು, ಬಾಟಲಿಯ ಬಣ್ಣದ ಬಗ್ಗೆ ಕೂಡ. ಇದನ್ನು ಕುಡಿಯುವವರು ಯಾರು ಎಂದು ಮಾತ್ರ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಕೊನೆಗೆ ಆರು ಬಾಟಲಿ ಚೀಲಕ್ಕೆ ಹಾಕಿಕೊಂಡು ಅಥಣಿಗೆ, ದ್ರಾಕ್ಷಿ ಬೆಳೆಯುವ ಸೋದರಮಾವನ ಮನೆಗೆ ಹೋದೆ. ಮಾವ ಕೊರಳಲ್ಲಿ ತುಳಸಿಮಾಲೆ ಹಾಕಿಕೊಂಡವರು, ಮದ್ಯ ಮುಟ್ಟುವವರಲ್ಲ. ಆದರೂ ನನ್ನ ಭಾಷಣವನ್ನು ಪೂರ್ತಿ ಕೇಳಿ, "ಅಂದ್ರ ಇದು ತಾಕತ್ತಿನ ದಾರೂ. ಇಲ್ಲೇ ಇಡು, ಉಪಯೋಗಕ್ಕ ಬರ್ತೈತಿ" ಅಂದರು. ಗೆಳೆಯರಿಗೆ ಕುಡಿಸಿ ನೋಡುತ್ತಾರೆಂದು ನಾನು ಹಿಗ್ಗಿದೆ.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋದರೆ ಆರೂ ಬಾಟಲಿ ಖಾಲಿ ಬಿದ್ದಿದ್ದವು. ಮಾವ ಬೆನ್ನಿಗೆ ಪಂಪು ಕಟ್ಟಿಕೊಂಡು ನನ್ನ ಬಿಯರನ್ನು ಬಳ್ಳಿಗಳಿಗೆ ಸಿಂಪಡಿಸುತ್ತಿದ್ದರು. ಎಲೆ ಹಸಿರಾಗಲಿ ಎಂದು ಔಷಧಿಯ ಜೊತೆ ಅಗ್ಗದ ದಾರೂ ಬೆರೆಸಿ ಹೊಡೆಯುವುದು ನಮ್ಮ ಕಡೆಯ ಕೆಲವರ ಖಯಾಲಿ. ಅದು ಗೊತ್ತಿದ್ದೂ ಅವರ ಕೈಗೆ ಬಾಟಲಿ ಕೊಟ್ಟ ಮಹಾ ವಿಜ್ಞಾನಿ ನಾನು.

"ಮಾಮಾ, ಅದು ಮನಷ್ಯಾರು ಕುಡಿಯೂದ್ರಿ! ಆರೋಗ್ಯಕ್ಕ ಛಲೋ ಅಂತ ಮಾಡೇನ್ರಿ!" ಎಂದು ಕಿರುಚಿದೆ.

ಮಾವ ಪಂಪಿನ ಹಿಡಿ ಬಿಡದೆಯೇ ಅಂದರು: "ಲೇ, ಕುಡಿಯಾಂವ ಆರೋಗ್ಯ ನೋಡಂಗಿಲ್ಲ, ಆರೋಗ್ಯ ನೋಡಾಂವ ಕುಡಿಯಂಗಿಲ್ಲ. ಬಳ್ಳಿಗೆ ಎರಡೂ ನಡಿತಾವ."